ಸಾಮೆಗೆಡ್ಡೆ ಎಲೆಯ ಸುರುಳಿ

ನಾನು ಜಪಾನಿನಿಂದ ಹಿಂತಿರುಗಿ ಮದರಾಸಿನಲ್ಲಿ ಹಡಗಿಳಿದ ದಿನ ಬಂದರಿನಲ್ಲಿ ಒಂದು ಲಕ್ಷ ಜನ ಸೇರಿದ್ದರು. ಎಲ್ಲರೂ ನನ್ನನ್ನು ನೋಡಲಿಕ್ಕೇ ಬಂದಿದ್ದರು ಎಂದು ಹೇಳಿಕೊಳ್ಳುವಷ್ಟು ದೊಡ್ಡಸ್ತಿಕೆ ನನಗಿಲ್ಲ. ಹತ್ತಿಪ್ಪತ್ತು ಮಂದಿ ಬೇರೆ ಕೆಲಸಕ್ಕೂ ಬಂದಿರಬಹುದು.

ಅದು ಅರವತ್ತನಾಲ್ಕನೇ ಇಸವಿ. ರೇಷ್ಮೆ ಇಲಾಖೆಯವರು ನಾಲ್ಕು ತಿಂಗಳ ತರಬೇತಿಗೆ ನನ್ನನ್ನು ಅಲ್ಲಿಗೆ ಕಳಿಸಿದ್ದರು. ಬಂದ ಮೇಲೆ ಶಿಡ್ಲಘಟ್ಟದ ಪಕ್ಕದ ಒಂದು ಹಳ್ಳಿಗೆ ಹಾಕಿದರು. ಹುಳು ಸಾಕುವ ಹನುಮಂತರಾಯಪ್ಪನವರ ಮನೆಯ ಹೊರಕೋಣೆ ನನ್ನ ಬಿಡಾರ, ಊಟವೂ ಅವರಲ್ಲೇ. ನನ್ನ ಟ್ರಂಕಿನಲ್ಲಿದ್ದ ಐಶ್ವರ್ಯ ಎರಡೇ: ಸಣ್ಣ ಬಿದಿರುಕಡ್ಡಿಗಳನ್ನು ದಾರದಲ್ಲಿ ಪೋಣಿಸಿದ ಗೇಣಗಲದ ಚಾಪೆ, ಮತ್ತು ಕಡಲಪಾಚಿಯನ್ನು ತೆಳ್ಳಗೆ ಒಣಗಿಸಿದ ಹತ್ತು ಕಪ್ಪು ಹಾಳೆ.

ಮೂರನೇ ದಿನ ಬೆಳಿಗ್ಗೆ ಅವರ ಮಗಳು ಅಮ್ಮಾಜಮ್ಮ ಬಾಗಿಲಲ್ಲಿ ಬಂದು ನಿಂತಳು. ಒಂದು ಕೈ ಸೊಂಟದ ಮೇಲೆ, ಇನ್ನೊಂದರಲ್ಲಿ ನನ್ನ ಹತ್ತೂ ಹಾಳೆ.

"ಏನ್ರೀ, ನಿಮ್ಮ ಜಪಾನ್ ಕಾರ್ಬನ್ ಪೇಪರು ಇಷ್ಟೇನಾ? ಅಪ್ಪನ ಅರ್ಜಿ ಎರಡು ಕಾಪಿ ಬರೆಯಣ ಅಂತ ತಗೊಂಡೆ. ಎಷ್ಟು ಒತ್ತಿ ಬರೆದ್ರೂ ಒಂದಕ್ಷರ ಮೂಡ್ಲಿಲ್ಲ!"

"ಅಯ್ಯೋ, ಅದು ತಿನ್ನೋದು ಕಣಮ್ಮ!"

"ಅಲ್ಲಿ ಕಾರ್ಬನ್ ತಿಂತಾರಾ?"

ಪೆನ್ಸಿಲಿನ ಮೊನೆಗೆ ಹಾಳೆಗಳೆಲ್ಲ ಚಿಂದಿಯಾಗಿದ್ದವು. ನಾನು ಅಳುವ ಮುಖ ಮಾಡಿದೆ. ಅವಳು ಮೊದಲು ಹಾಳೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು, ಆಮೇಲೆ ತುಟಿ ಕಚ್ಚಿದಳು. ನಗು ತುಟಿಯಲ್ಲಿ ನಿಲ್ಲದೆ ಕಣ್ಣಿಗೆ ಏರಿತು. ಆ ಕಣ್ಣುಗಳ ಬೆಳಕು ಸ್ಕಂದಗಿರಿಯ ತುದಿಗೂ ಕಂಡಿರಬೇಕು. ಅವತ್ತು ಅಲ್ಲಿದ್ದವರನ್ನು ಬೇಕಾದರೆ ಕೇಳಿ.

ತಪ್ಪಿಗೆ ಶಿಕ್ಷೆಯಾಗಿ ನನ್ನ ಜೊತೆ ಕೂತು ಸುಶಿ ಎಂಬ ಅಲ್ಲಿಯ ತಿಂಡಿ ಮಾಡಲು ಕಲಿಯಬೇಕು ಎಂದೆ. ಅನ್ನವನ್ನು ಹುಳಿ ಮಾಡಿ, ಹಾಳೆಯ ಮೇಲೆ ಹರಡಿ, ನಡುವೆ ಏನಾದರೂ ಇಟ್ಟು, ಚಾಪೆಯಿಂದ ಸುತ್ತಿ ಕತ್ತರಿಸುವುದು ಎಂದು ವಿವರಿಸಿದೆ.

"ನಡುವೆ ಏನಿಡ್ತಾರೆ?"

"ಹಸಿ ಮೀನು."

"ಥೂ! ಬೇಯ್ಸಕ್ಕೆ ಸೌದೆ ಇಲ್ವಾ ಆ ದೇಶದಲ್ಲಿ?"

ಹೀಗೆ ಶುರುವಾಯಿತು. ಮಧ್ಯಾಹ್ನ ಹುಳುಗಳಿಗೆ ಸೊಪ್ಪು ಹಾಕಿದ ಮೇಲೆ ಅವಳಿಗೆ ಸ್ವಲ್ಪ ಬಿಡುವಾಗುತ್ತಿತ್ತು. ಅವಳ ತಾಯಿ ನಾರಾಯಣಮ್ಮ ನಡುಮನೆಯ ಕಂಬಕ್ಕೊರಗಿ ತೂಕಡಿಸುತ್ತಿದ್ದರು. ಅಡುಗೆಮನೆಯಲ್ಲಿ ನಾನು, ಅಮ್ಮಾಜಿ, ಚಾಪೆ.

ದಪ್ಪಕ್ಕಿಯನ್ನು ಮೆತ್ತಗೆ ಬೇಯಿಸಿದೆವು. ಅಲ್ಲಿಯ ಹುಳಿನೀರಿಗೆ ಬದಲು ನಿಂಬೆರಸ, ಚಿಟಿಕೆ ಬೆಲ್ಲ. ಪಾಚಿ ಹಾಳೆಗೆ ಬದಲು ಬಿಸಿನೀರಲ್ಲಿ ಬಾಡಿಸಿದ ಎಲೆಕೋಸಿನ ಎಲೆ. ಒಳಗೆ ಸೌತೆಕಾಯಿ, ಮಾವಿನಕಾಯಿ. ಇನ್ನೊಂದು ದಿನ ತೆಳ್ಳನೆಯ ಮೊಟ್ಟೆದೋಸೆಯಲ್ಲಿ ಹಿತಕಿದ ಬೇಳೆ ಸುತ್ತಿದೆವು. ರಾಗಿಹಿಟ್ಟಿನಲ್ಲೂ ಒಂದು ಮಾಡಿದೆವು. ಅದು ಸುರುಳಿಯಾಗಲು ಒಪ್ಪದೆ ಮತ್ತೆ ಮುದ್ದೆಯೇ ಆಯಿತು. ಎಳೆಯ ಹಿಪ್ಪುನೇರಳೆ ಎಲೆಯಲ್ಲಿ ಸುತ್ತಿದ ದಿನ ಅವಳು ಗಲ್ಲಕ್ಕೆ ಕೈಯಿಟ್ಟು, "ಹುಳದ ಬಾಯಿಂದ ಊಟ ಕಸ್ಕೊಂಡ್ರಲ್ಲ, ಪಾಪಿಷ್ಠರು ನೀವು" ಎಂದು ಮೂರು ತಿಂದಳು.

ಹುಳುಗಳನ್ನು ನೋಯಿಸದೆ ಎತ್ತಿ ಎತ್ತಿ ಅವಳ ಬೆರಳುಗಳಿಗೆ ಅಂಥ ಮೃದುತ್ವ ಬಂದಿತ್ತು, ಒಂದು ಅಗುಳೂ ನಲುಗುತ್ತಿರಲಿಲ್ಲ. ಚಾಪೆ ಮಗುಚುವಾಗ ಅವಳ ಬೆರಳು ನನ್ನ ಬೆರಳಿಗೆ ತಾಕಿದರೆ ಇಬ್ಬರೂ ಸೌತೆಕಾಯಿಯನ್ನೇ ನೋಡುತ್ತಿದ್ದೆವು.

ಸುರುಳಿ ಸುತ್ತುವಾಗ ಕಥೆ ಹೇಳುವುದು ನನ್ನ ಅಭ್ಯಾಸ. ಜಪಾನಿನ ದೊಡ್ಡ ದೊಡ್ಡ ಅಡುಗೆಯವರು ನನ್ನ ಕಾಲಿಗೆ ಬಿದ್ದದ್ದು, ನಾನು ಸುತ್ತಿದ ಒಂದು ಸುರುಳಿ ಎರಡು ಮೈಲಿ ಉದ್ದವಾಗಿ ಅದರ ಮೇಲೆ ರೈಲು ಓಡಿಸಿದ್ದು. ಅವಳು ನನ್ನ ಒಂದೊಂದು ಸುಳ್ಳಿಗೂ ಒಂದು ಅನ್ನದ ಅಗುಳನ್ನು ತಟ್ಟೆಯ ಅಂಚಿಗೆ ಎತ್ತಿಡುತ್ತಿದ್ದಳು. ಊಟ ಮುಗಿಯುವ ಹೊತ್ತಿಗೆ ಒಂದು ಕೋಳಿಗೆ ಸಾಕಾಗುವಷ್ಟು ಸೇರುತ್ತಿತ್ತು.

ಒಂದು ಮಧ್ಯಾಹ್ನ, ಯಾವ ಪೀಠಿಕೆಯೂ ಇಲ್ಲದೆ, "ನಿನ್ನ ಬಿಟ್ಟು ನನಗೆ ಇರಕ್ಕಾಗಲ್ಲ ಅಮ್ಮಾಜಿ" ಎಂದೆ.

ಅವಳ ಬೆರಳು ಅಭ್ಯಾಸದಂತೆ ಅಗುಳಿಗೆ ಹೋಯಿತು. ಅಲ್ಲೇ ನಿಂತಿತು. ಅಗುಳನ್ನು ಎತ್ತಲಿಲ್ಲ.

"ಅಪ್ಪನ ಹತ್ರ ಕೇಳ್ರಿ" ಎಂದಳು, ತಟ್ಟೆಯನ್ನೇ ನೋಡುತ್ತ. "ಬೇಗ ಕೇಳ್ರಿ. ಚಿಂತಾಮಣಿ ಕಡೆಯಿಂದ ನೋಡಕ್ಕೆ ಬರ್ತಾರಂತೆ."

ಕುಲದಲ್ಲಿ ಅಡ್ಡಿಯಿರಲಿಲ್ಲ, ಅಡ್ಡಿಯಿದ್ದದ್ದು ನನ್ನ ನಾಲಿಗೆಯಲ್ಲಿ. ಜಗಲಿಯಲ್ಲಿ ಕೂತಿದ್ದ ಹನುಮಂತರಾಯಪ್ಪನವರ ಮುಂದೆ ಕೈಕಟ್ಟಿ ನಿಂತು ಕೇಳಿದೆ. ಅವರು ನನ್ನ ಮುಖ ನೋಡಿ, ತೊಡೆ ತಟ್ಟಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ರೈಲು ಓಡಿಸಿದ್ದು ಸಾಲ್ದು ಅಂತ ಇದೊಂದು ಹೊಸ ಕಥೆ ಕಟ್ಟಿದ್ದೀಯೇನಪ್ಪಾ ಜಪಾನು!"

"ನಿಜ ಹೇಳ್ತಿದ್ದೀನಿ ಯಜಮಾನ್ರೆ."

"ಯಾವಾಗ್ಲೂ ಹಂಗೇ ಅಂತೀಯ. ಸಾಕು, ಹೊಟ್ಟೆ ನೋಯ್ತದೆ."

ಆಗ ಉಪಾಯ ಹೇಳಿದ್ದು ಅಮ್ಮಾಜಿಯೇ. ನೋಡಲು ಬಂದವರಿಗೆ ಹುಡುಗಿ ತನ್ನ ಕೈಯಾರೆ ಮಾಡಿದ್ದನ್ನು ಬಡಿಸಬೇಕು. ಅವತ್ತು ಜಪಾನ್ ಸುರುಳಿ ಬಡಿಸೋದು. ಆದರೆ ಹಿತ್ತಲಲ್ಲಿರುವ ಸಾಮೆಗೆಡ್ಡೆ ಎಲೆಯಲ್ಲಿ, ಅಂದರೆ ಕೆಸುವಿನ ಎಲೆಯಲ್ಲಿ, ಸುತ್ತಿ, ಹಸಿಯಾಗೇ. ಬೇಯಿಸದ ಆ ಎಲೆ ನಾಲಿಗೆಗೆ ತಾಗಿದರೆ ಗಂಟಲೊಳಗೆ ಸಾವಿರ ಸೂಜಿ ಆಡುತ್ತವೆ. ಇದರಲ್ಲಿ ಮಾತ್ರ ನನ್ನ ಉತ್ಪ್ರೇಕ್ಷೆಯಿಲ್ಲ.

"ಕೆರ್ಕೊಂಡು ಓಡಿಹೋಗ್ತಾರೆ. ಆಮೇಲೆ ಒಂದು ವರ್ಷ ಯಾರೂ ಈ ಕಡೆ ತಲೆ ಹಾಕಲ್ಲ" ಎಂದಳು. "ಅಷ್ಟರಲ್ಲಿ ನಿಮ್ಮ ಅಪ್ಪನ್ನ ಕರ್ಕೊಂಡು ಬನ್ನಿ. ಅವರಾದ್ರೂ ನಿಜ ಹೇಳ್ತಾರಾ?"

"ನಮ್ಮಪ್ಪ ಹುಟ್ಟಿದಾಗಿಂದ ಒಂದೇ ಒಂದು ಸುಳ್ಳು..."

ಅವಳು ಅಗುಳು ಎತ್ತಿದಳು. ಇಬ್ಬರೂ ನಕ್ಕೆವು. ಅದೇ ಕೊನೆಯ ಸಲ.

ಚಿಂತಾಮಣಿಯವರು ಬರುವ ದಿನ ಇಬ್ಬರೂ ಕೂತು ಇಪ್ಪತ್ತು ಸುರುಳಿ ಸುತ್ತಿದೆವು. ಹಸಿರು ಎಲೆ ಮಿರಮಿರ ಮಿಂಚುತ್ತಿತ್ತು. ಅವಳನ್ನು ಅಲಂಕಾರಕ್ಕೆ ಒಳಕೋಣೆಗೆ ಕರೆದೊಯ್ದರು. ನೋಡಲು ಬಂದ ಹುಡುಗ ವೆಂಕಟರವಣಪ್ಪ ಸ್ಕೂಲ್ ಮೇಷ್ಟ್ರು, ಮಾತು ಕಡಿಮೆ. ಆ ಕೊರತೆಯನ್ನು ಅವನ ತಾಯಿ ಮುನಿಶಾಮಮ್ಮ ತುಂಬಿಕೊಡುತ್ತಿದ್ದರು.

"ಇವರೇನಾ ಜಪಾನಿಗೆ ಹೋದೋರು?" ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದರು. "ನೋಡಿದ್ರೆ ಇಲ್ಲೇ ಇರೋ ಪೆರೇಸಂದ್ರನೂ ದಾಟಿದ ಹಂಗೆ ಕಾಣಲ್ವಲ್ಲಪ್ಪಾ!"

ಜಗಲಿ ತುಂಬ ನಗು. ಹನುಮಂತರಾಯಪ್ಪನವರೇ ಎಲ್ಲರಿಗಿಂತ ಜೋರು. "ಇವತ್ತು ಗೊತ್ತಾಗ್ತದೆ ಬಿಡಿ. ತಿಂದು ನೋಡಣ, ಜಪಾನು ನಿಜವೋ ಸುಳ್ಳೋ."

ನಾನು ಅಡುಗೆಮನೆಗೆ ಬಂದೆ. ಕಿವಿ ಉರಿಯುತ್ತಿತ್ತು. ಇಪ್ಪತ್ತು ಸುರುಳಿಯನ್ನು ನೋಡಿದೆ. ಇವನ್ನು ತಿಂದು, ಇದೇ ಇವನ ಜಪಾನು ಎಂದು ಉಗಿದು, ನಾಲ್ಕೂ ತಾಲ್ಲೂಕಿಗೆ ಹೇಳುತ್ತ ಹೋಗುತ್ತಾರೆ. ಜಪಾನಿನ ಆ ನಾಲ್ಕು ತಿಂಗಳು, ಅಲ್ಲಿ ನಾನು ಉಳಿದಿದ್ದ ಮನೆಯಲ್ಲಿ ಅನ್ನ ಹರಡಲು ನನ್ನ ಕೈ ಹಿಡಿದು ಕಲಿಸಿದ ಅಜ್ಜಿ, ಅದೊಂದೇ ನನ್ನ ಬದುಕಿನಲ್ಲಿ ನಿಜವಾದದ್ದು.

ನನ್ನ ಕೈಗಳೇ ಎಲೆ ಬಿಚ್ಚಿದವು. ಎಲೆ ತಾಗಿದ ಅನ್ನವನ್ನೆಲ್ಲ ಚೆಲ್ಲಿ, ಪಾತ್ರೆಯಲ್ಲಿ ಮಿಕ್ಕಿದ್ದನ್ನು ತೆಗೆದುಕೊಂಡೆ. ಎಲೆಕೋಸು ಬಾಡಿಸಿದೆ. ಎಳೆಯ ಹಿಪ್ಪುನೇರಳೆ ಚಿಗುರು ತಂದೆ. ಮೊಟ್ಟೆದೋಸೆ ಹುಯ್ದೆ. ಅಂಥ ಸುರುಳಿಗಳನ್ನು ಆ ಅಜ್ಜಿಯೂ ಸುತ್ತಿರಲಿಲ್ಲ.

ಅಮ್ಮಾಜಿ ಹಸಿರು ಸೀರೆಯಲ್ಲಿ ಬಂದು ತಟ್ಟೆ ಎತ್ತಿಕೊಂಡಳು. ಎಲೆ ನೋಡಿದಳು. ನನ್ನನ್ನು ನೋಡಿದಳು. ಆ ನೋಟವನ್ನು ಹತ್ತು ಪಟ್ಟು ಮಾಡಿ ಹೇಳಲು ನನಗೆ ಬರುವುದಿಲ್ಲ. ಹೊರಗಿಂದ "ಬಾರಮ್ಮ" ಎಂದು ಕರೆದರು. ಹೋದಳು.

ಮುನಿಶಾಮಮ್ಮ ಒಂದು ತಿಂದರು, ಇನ್ನೊಂದು ತಿಂದರು, ಆಮೇಲೆ ತಟ್ಟೆಯನ್ನೇ ಮಡಿಲಿಗೆಳೆದುಕೊಂಡರು. ಮೇಷ್ಟ್ರು ಮೊದಲ ಸಲ ಬಾಯಿ ಬಿಟ್ಟು, "ಚೆನ್ನಾಗಿದೆ" ಎಂದರು. ತಟ್ಟೆ ಖಾಲಿಯಾಗುವ ಮುಂಚೆಯೇ ಅಮ್ಮಾಜಿಯ ಜಡೆಗೆ ಹೂವು ಬಿತ್ತು, ದಿನ ಗೊತ್ತಾಯಿತು. ಹನುಮಂತರಾಯಪ್ಪನವರು ನನ್ನ ಬೆನ್ನು ತಟ್ಟಿ, "ನಿನ್ನ ಜಪಾನು ನಿಜಾನೇ ಕಣಯ್ಯ!" ಎಂದರು.

ಅವಳು ಖಾಲಿ ತಟ್ಟೆ ಹಿಡಿದು ಒಳಗೆ ಬಂದಳು.

"ಯಾಕ್ರೀ?"

"ಪೆರೇಸಂದ್ರ ದಾಟಿಲ್ಲ ಅಂದ್ಬಿಟ್ರು, ಅಮ್ಮಾಜಿ."

"ಅಷ್ಟಕ್ಕಾ?"

ತಟ್ಟೆಯಲ್ಲಿ ಒಂದು ಅಗುಳು ಉಳಿದಿತ್ತು. ಅದನ್ನು ಮೆಲ್ಲಗೆ ತಟ್ಟೆಯ ಅಂಚಿಗೆ ಎತ್ತಿಟ್ಟಳು. ಅವತ್ತು ಎತ್ತದೆ ಬಿಟ್ಟಿದ್ದಳಲ್ಲ, ಆ ಮಾತಿಗೆ.

ಮದುವೆ ನಡೆಯಿತು. ಹುಡುಗಿಯನ್ನು ಕಳಿಸಿಕೊಡುವ ದಿನ ಬಸ್ಸು ಬಾಗಿಲಿಗೆ ಬಂತು. ಎಲ್ಲರಿಗೂ ನಮಸ್ಕಾರ ಮಾಡುತ್ತ ನನ್ನ ಮುಂದೆ ಬಂದಾಗ ಸೆರಗಿನ ಮರೆಯಿಂದ ಒಂದು ಪೊಟ್ಟಣ ತೆಗೆದು ನನ್ನ ಕೈಗಿಟ್ಟಳು. ಒಂದೇ ಸುರುಳಿ. ಸಾಮೆಗೆಡ್ಡೆ ಎಲೆ, ಹಸಿ.

"ಎಷ್ಟು ಕಷ್ಟಪಟ್ಟು ಕಲಿಸಿದ್ರಿ. ಹೆಂಗಿದೆ ಅಂತ ಈಗ್ಲೇ ತಿಂದು ಹೇಳ್ರಿ."

ಎಲ್ಲರೂ ನೋಡುತ್ತಿದ್ದರು. ನಾನು ಇಡೀ ಸುರುಳಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದು ನುಂಗಿದೆ.

ಅವಳು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ನಾನು ಕಂಬಿ ಹಿಡಿದು ನಿಂತೆ. ಹೇಳಬೇಕಾದ ಮಾತು ಒಂದೇ ಇತ್ತು, ತಪ್ಪಾಯಿತು ಅಂತ. ಗಂಟಲಲ್ಲಿ ಸೂಜಿಗಳು ಎದ್ದಿದ್ದವು. ಬಾಯಿ ತೆರೆದೆ, ಗಾಳಿ ಮಾತ್ರ ಬಂತು. ಕಣ್ಣಿಂದ ನೀರು ಇಳಿಯಿತು.

"ನೋಡ್ರಪ್ಪಾ, ಜಪಾನಿನ ಬಾಯೂ ಕಟ್ತು!" ಎಂದರು ಹನುಮಂತರಾಯಪ್ಪ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಅಮ್ಮಾಜಿ ನಗಲಿಲ್ಲ. ಕಂಬಿಯ ಮೇಲಿದ್ದ ನನ್ನ ಬೆರಳಿಗೆ ಅವಳ ಬೆರಳು ಒಮ್ಮೆ ತಾಗಿತು. ಈ ಸಲ ನೋಡಲು ಸೌತೆಕಾಯಿ ಇರಲಿಲ್ಲ. ಬಸ್ಸು ಹೊರಟಿತು.

ಹುಣಸೆಹಣ್ಣಿನ ನೀರು ಕುಡಿದರೆ ಕೆರೆತ ಇಳಿಯುತ್ತದೆ ಎಂದು ನಾರಾಯಣಮ್ಮ ಲೋಟ ಹಿಡಿದು ಓಡಿಬಂದರು. ಅದು ನನಗೂ ಗೊತ್ತಿತ್ತು. ಲೋಟ ತೆಗೆದುಕೊಂಡೆ. ಧೂಳು ಅಡಗುವವರೆಗೂ ಹಿಡಿದು ನಿಂತಿದ್ದೆ. ಕುಡಿಯಲಿಲ್ಲ.