ತುಂಗಕ್ಕನ ತಟ್ಟೆಯಲ್ಲಿ ಕಪ್ಪು ಬೀಜ

"ಏಯ್! ಎಂತ ಮಾಡ್ತಿದ್ದೀರಿ ನೀವು?"

ತನುಜಾಳ ಮಣಿಕಟ್ಟನ್ನು ಯಾರೋ ಗಟ್ಟಿಯಾಗಿ ಹಿಡಿದರು. ಮುಷ್ಟಿಯಲ್ಲಿದ್ದ, ಕೆಟ್ಟು ಕಪ್ಪಾದ ಕಾಫಿ ಬೀಜಗಳು ನೆಲದ ಮೇಲೆ ಚೆಲ್ಲಿದವು.

ಎದುರಿಗಿದ್ದವನು ದಿಲೀಪ್. ಮೂಡಿಗೆರೆ ರಸ್ತೆಯ ಆ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜ ಆರಿಸುವ ಹಾಲ್‌ನ ಸೂಪರ್‌ವೈಸರ್, ಗೋಣಿಬೀಡಿನ ಗೌಡರ ಹುಡುಗ. ಕೋಪ ಬಂದರೆ ಅವನ ಮೂಗಿನ ತುದಿ ಕೆಂಪಾಗುತ್ತದೆ. ಈಗಂತೂ ಹಣ್ಣು ಮೆಣಸಿನಕಾಯಿಯೇ!

"ಆರಿಸಿಟ್ಟ ಬೀಜಕ್ಕೆ ಕಪ್ಪು ಬೀಜ ಸೇರಿಸ್ತಿದ್ದೀರಲ್ಲ! ಯಾರ್ರೀ ನೀವು?"

"ಮೊದ್ಲು ಕೈ ಬಿಡ್ರಿ! ನಾನು ತನುಜಾ. ನಿಮ್ಮ ಸಾಹುಕಾರ್ರು ಷಡಕ್ಷರಿಯವರೇ ಕರೆಸಿದ್ದು... ಇಲ್ಲಿನ ಹೆಂಗಸರಿಗೆ ಕ್ವಾಲಿಟಿ ಟ್ರೈನಿಂಗ್ ಕೊಡೋಕೆ."

"ಕಲಬೆರಕೆ ಮಾಡೋದು ಯಾವ ಟ್ರೈನಿಂಗು?"

"ಬೇಕಂತಲೇ ಸೇರಿಸೋದು ರೀ. ಹುಡುಕಿ ತೆಗೀತಾರಾ ಅಂತ ನೋಡೋಕೆ. ಪರೀಕ್ಷೆ!"

ದಿಲೀಪ್ ಕೈ ಬಿಟ್ಟ. ಸುತ್ತಲಿದ್ದ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ಪಾಪ, ಹುಡುಗನಿಗೆ ಎಲ್ಲಿ ನೋಡಬೇಕೆಂದೇ ತಿಳಿಯಲಿಲ್ಲ.

"ಸರಿ... ಆದ್ರೆ ಪರೀಕ್ಷೆಯ ಬೀಜ ಒಂದೂ ಒಳಗೆ ಉಳೀಬಾರ್ದು."

"ಅದು ನನ್ನ ಜವಾಬ್ದಾರಿ," ಎಂದಳು ತನುಜಾ. ಎಷ್ಟು ಸಲೀಸಾಗಿ ಅಂದುಬಿಟ್ಟಳು!

ಅದು ೧೯೯೯. ಕಾಫಿ ಕಾರ್ಖಾನೆಗಳಿಗೆಲ್ಲ ಐಎಸ್ಒ ಎಂಬ ಗುಣಮಟ್ಟದ ಸರ್ಟಿಫಿಕೇಟಿನ ಹುಚ್ಚು ಹಿಡಿದಿದ್ದ ಕಾಲ. ಗೋಡೆಗೆ ನಿಯಮದ ಬೋರ್ಡು ಹೊಡೆದರೆ ಕೆಲಸ ಮುಗಿಯಿತೆಂದು ಬಹಳ ಜನ ತಿಳಿದಿದ್ದರು. ಚಿಕ್ಕಮಗಳೂರು ಪೇಟೆಯ ಬಟ್ಟೆ ಅಂಗಡಿ ಬಸವರಾಜಪ್ಪನವರ ಮಗಳು ತನುಜಾ ಬೋರ್ಡು ಬರೆಸಲಿಲ್ಲ. ಕಪ್ಪು ಬೀಜವನ್ನೇ ಹುರಿದು, ಪುಡಿ ಮಾಡಿ, ಕಾಫಿ ಕಾಯಿಸಿ ಎಲ್ಲರಿಗೂ ಒಂದೊಂದು ಗುಟುಕು ಕುಡಿಸಿದಳು.

"ಥೂ! ಇದನ್ನ ಕುಡ್ದೋರು ನಮ್ಮ ವಂಶಾನೇ ಬೈತಾರೆ!" ಎಂದು ಉಗಿದಳು ತುಂಗಮ್ಮ. ಎಲ್ಲರ ಬಾಯಲ್ಲೂ ಅವಳು ತುಂಗಕ್ಕ. ಅಂದಿನಿಂದ ಕಪ್ಪು ಬೀಜ ಏಕೆ ತೆಗೆಯಬೇಕೆಂದು ಯಾರಿಗೂ ಇನ್ನೊಮ್ಮೆ ಹೇಳಬೇಕಾಗಲಿಲ್ಲ.

ತನುಜಾಳ ಇನ್ನೊಂದು ಪಾಠ ಇನ್ನೂ ಸರಳ. "ತಪ್ಪು ಕಂಡ್ರೆ ಕೈ ಎತ್ತಿ. ನೀವೇ ತಪ್ಪು ಮಾಡಿದ್ರೂ ಕೈ ಎತ್ತಿ. ಯಾರೂ ಬೈಯಲ್ಲ. ಮುಚ್ಚಿಟ್ಟ ತಪ್ಪೇ ದೊಡ್ಡದು."

ಹಾಲ್‌ನ ಕೊನೆಯಲ್ಲಿ ನಿಂತು ದಿಲೀಪ್ ಪ್ರತಿಸಲವೂ ಅದನ್ನು ಕೇಳುತ್ತಿದ್ದ. ಪಾಠ ಕೇಳುತ್ತಿದ್ದನೋ, ಪಾಠ ಹೇಳುವವಳನ್ನು ನೋಡುತ್ತಿದ್ದನೋ... ಹೆಂಗಸರಿಗಂತೂ ಗೊತ್ತಿತ್ತು.

ಒಂದು ಸಂಜೆ ಎಲ್ಲರೂ ಮನೆಗೆ ಹೊರಟಿದ್ದರು. ತುಂಗಕ್ಕ ಆರಿಸಿ ಮುಗಿಸಿದ ತಟ್ಟೆಗೆ ತನುಜಾ ಒಂದು ಮುಷ್ಟಿ ಕಪ್ಪು ಬೀಜ ಬೆರೆಸಿದಳು. ಬೆಳಿಗ್ಗೆಯ ಪರೀಕ್ಷೆಗೆ. ತಟ್ಟೆಯನ್ನು ತನ್ನ ಕೋಣೆಗೆ ಒಯ್ಯಬೇಕಿತ್ತು, ಅಷ್ಟರಲ್ಲಿ ದಿಲೀಪ್ ಬಂದ.

"ತನುಜಾ ಅವ್ರೇ... ನಿಮ್ಮಪ್ಪನ ಹತ್ರ ಬಂದು ಮಾತಾಡ್ಲಾ?"

"ಎಂತದು ಮಾತಾಡೋದು?"

"ನಮ್ಮಿಬ್ರದ್ದು..."

ಅವಳು ನಗುತ್ತಾ, ನಾಚುತ್ತಾ ಹೊರಗೆ ಓಡಿದಳು. ತಟ್ಟೆ ಅಲ್ಲೇ ಉಳಿಯಿತು.

ಬೆಳಿಗ್ಗೆ ಅವಳು ಬರುವ ಹೊತ್ತಿಗೆ ಹಮಾಲರು ತಟ್ಟೆಗಳನ್ನೆಲ್ಲ ಆರಿಸಿದವರ ಹೆಸರಿನ ಚೀಲಕ್ಕೆ ಸುರಿದು, ಹೊಲಿದು, ಲಾರಿಗೆ ಏರಿಸಿ ಕಳಿಸಿಬಿಟ್ಟಿದ್ದರು. ಖಾಲಿ ತಟ್ಟೆ ಕಂಡು ತನುಜಾ ಬಾಗಿಲವರೆಗೆ ಓಡಿ ಅಲ್ಲೇ ನಿಂತಳು. 'ಹೇಳ್ಲಾ? ಲಾರಿ ವಾಪಸ್ ಕರೆಸ್ಲಾ? ಎಲ್ರೂ ಏನಂದಾರು... ಅವನು ಏನಂದಾನು? ಒಂದು ಮುಷ್ಟಿ ತಾನೇ... ಯಾರಿಗೂ ಕಾಣಲ್ಲ ಬಿಡು.'

ಕಂಡಿತು. ಕೊನೆಗೆ ಸುರಿದದ್ದು ಅದೇ ತಟ್ಟೆ, ಕಪ್ಪು ಬೀಜ ಚೀಲದ ಮೇಲ್ಭಾಗದಲ್ಲೇ ಇತ್ತು. ಕೊಂಡವರು ಚೀಲ ಬಿಚ್ಚಿದೊಡನೆ ಇಡೀ ಲಾಟ್ ಹಿಂದಕ್ಕೆ ಬಂತು. ಆ ಚೀಲದ ಚೀಟಿಯಲ್ಲಿ ಇದ್ದದ್ದು ತುಂಗಕ್ಕನ ಹೆಸರು.

"ನಿನ್ನ ಮೇಲೆ ಎಷ್ಟು ನಂಬಿಕೆ ಇಟ್ಟಿದ್ದೆ ತುಂಗಕ್ಕ!" ಎಂದು ಬೈದ ದಿಲೀಪ್. "ನಾಳೆಯಿಂದ ಕಣದಲ್ಲಿ ಒಣಹಾಕಿದ ಕಾಫಿ ಕೆದಕೋಕೆ ಹೋಗು."

ತುಂಗಕ್ಕ ವಾದ ಮಾಡಲಿಲ್ಲ. "ಕಣ್ಣು ಮಂಜಾಯ್ತು ಅಂತ ಕಾಣ್ತದೆ ದಿಲೀಪಣ್ಣ," ಎಂದು ತಲೆ ತಗ್ಗಿಸಿ ಹೊರಟಳು.

ತನುಜಾ ಅಲ್ಲೇ ನಿಂತಿದ್ದಳು. ಕೈ ಮಾತ್ರ ಮೇಲೇಳಲಿಲ್ಲ!

ಅಂದಿನಿಂದ ಅವಳಿಗೆ ಅನ್ನ ಸೇರಲಿಲ್ಲ. ಯಾರಾದರೂ "ಕಪ್ಪು" ಎಂದರೂ ಬೆಚ್ಚುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಗಿತ್ತು ಅವಳ ಪಾಡು. ದಿಲೀಪ್ ಎದುರಾದರೆ ದಾರಿ ಬದಲಿಸುತ್ತಿದ್ದಳು.

ಒಂದು ದಿನ ಅವನೇ ಅಡ್ಡ ನಿಂತ. "ನಾವು ಗೌಡ್ರು, ನೀವು ಲಿಂಗಾಯತರು. ಮನೇಲಿ ಒಪ್ಪಲ್ಲ ಅಂತ ಅಲ್ವಾ? ಬಾಯಿಬಿಟ್ಟು ಹೇಳಿದ್ರೆ ನಾನೇನು ಬಲವಂತ ಮಾಡ್ತಿದ್ನಾ?"

"ಅದಲ್ಲ ದಿಲೀಪ್..."

"ಮತ್ತೆ?"

ಅವಳು ಅವನನ್ನು ದಾಟಿ ಹೋಗಲು ನೋಡಿದಳು. ಅವನು ನೊಂದು ಹೊರಟುಹೋದ. 'ಒಳ್ಳೇದೇ ಆಯ್ತು. ಅವನ ಪ್ರೀತಿಗೆ ನಾನು ಯೋಗ್ಯಳೇ ಅಲ್ಲ...'

ಅಂದು ಮಧ್ಯಾಹ್ನ ತನುಜಾ ಕಣದ ಕಡೆ ಹೋದಾಗ ತುಂಗಕ್ಕ ಒಂದು ಬೀಜವನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು ನೋಡುತ್ತಿದ್ದಳು.

"ಎಂತ ನೋಡ್ತಿದ್ದೀ ತುಂಗಕ್ಕ?"

"ಕಾಣ್ತದೆ ಮೇಡಂ. ಆದ್ರೂ ನಂಬಂಗಿಲ್ಲ. ಮನೇಲಿ ಅಕ್ಕಿ ಆರ್ಸೋದೂ ಸೊಸೆಗೇ ಬಿಟ್ಟಿದೀನಿ. ಮೊಮ್ಮಗೂಗೆ ಕಲ್ಲು ಸಿಕ್ಬಿಟ್ರೆ?"

ತನುಜಾಳಿಗೆ ತಡೆಯಲಾಗಲಿಲ್ಲ. 'ಹೇಳೋದು ಆಚಾರ, ತಿನ್ನೋದು ಬದನೆಕಾಯಿ... ನನ್ನ ತಪ್ಪಿಗೆ ಇವಳು ತನ್ನ ಕಣ್ಣನ್ನೇ ನಂಬದ ಹಾಗಾದಳಲ್ಲ!' ತುಂಗಕ್ಕನ ಕೈ ಹಿಡಿದು ಹಾಲ್‌ಗೆ ಕರೆತಂದಳು.

ಅಂದಿನ ಪಾಠಕ್ಕೆ ಎಲ್ಲರೂ ಕುಳಿತಿದ್ದರು. ಹಿಂದೆ ದಿಲೀಪ್ ಮುಖ ತಿರುಗಿಸಿ ನಿಂತಿದ್ದ. ತನುಜಾ ಎಲ್ಲರ ಮುಂದೆ ನಿಂತು ಕೈ ಎತ್ತಿದಳು.

"ಆ ಕಪ್ಪು ಬೀಜ ಹಾಕಿದ್ದು ನಾನು. ಪರೀಕ್ಷೆಗೆ ಅಂತ ಹಾಕಿ, ತಟ್ಟೆ ತೆಗೆದಿಡೋಕೆ ಮರೆತೆ. ಬೆಳಿಗ್ಗೆನೇ ನಂಗೆ ಗೊತ್ತಾಗಿತ್ತು. ಹೇಳ್ಲಿಲ್ಲ... ತುಂಗಕ್ಕನ್ನ ಬೈದಾಗ್ಲೂ ಹೇಳ್ಲಿಲ್ಲ!"

ಹೆಂಗಸರೆಲ್ಲ ತುಂಗಕ್ಕನ ಕಡೆ ತಿರುಗಿದರು.

"ಹಂಗಾದ್ರೆ..." ತುಂಗಕ್ಕನ ದನಿ ಸಣ್ಣಗಿತ್ತು. "ನನ್ ಕಣ್ಣು ಚೆನ್ನಾಗಿದ್ಯಾ?"

"ಚೆನ್ನಾಗಿದೆ ತುಂಗಕ್ಕ. ಏನೂ ಆಗಿಲ್ಲ."

ತುಂಗಕ್ಕ ಕುಸಿದು ಕುಳಿತು ಅತ್ತಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದಳು, "ಒಂದ್ ಮಾತು ಹೇಳಿದ್ರೆ ನಿಮ್ ಗಂಟೇನು ಹೋಗ್ತಿತ್ತು ತಾಯಿ?"

ತನುಜಾ ಬಗ್ಗಿ ಅವಳ ಕಾಲು ಹಿಡಿದಳು. ತಲೆ ಎತ್ತಿ ನೋಡಿದಾಗ ದಿಲೀಪ್ ಹಾಲ್ ಬಿಟ್ಟು ಹೋಗಿದ್ದ.

ಸಂಜೆ ಬಸ್‌ಸ್ಟಾಪಿನಲ್ಲಿ ಒಬ್ಬಳೇ ನಿಂತಿದ್ದಳು. 'ಮುಗೀತು, ಎಲ್ಲಾ ಮುಗೀತು...' ಅಷ್ಟರಲ್ಲಿ ಪಕ್ಕದಲ್ಲಿ ಯಾರೋ ಬಂದು ನಿಂತರು.

"ಷಡಕ್ಷರಿಯವರ ಹತ್ರ ಹೋಗಿದ್ದೆ," ಎಂದ ದಿಲೀಪ್. "ತುಂಗಕ್ಕ ನಾಳೆಯಿಂದ ತನ್ನ ಜಾಗಕ್ಕೆ ಬರ್ತಾಳೆ. ನಾನೂ ಅವಳ ಕಾಲಿಗೆ ಬಿದ್ದು ಬಂದೆ."

"ನೀವ್ಯಾಕೆ?"

"ಹೊರಡೋ ಮುಂಚೆ ತಟ್ಟೆಗಳನ್ನ ನೋಡ್ಬೇಕಾದೋನು ನಾನು. ಆ ಸಂಜೆ ನಾನೂ ನೋಡ್ಲಿಲ್ಲ. ನಿಮ್ಮ ಹಿಂದೇನೇ ಓಡಿ ಬಂದಿದ್ದೆ... ಲಾಟ್ ವಾಪಸ್ ಬಂದಾಗ ನಂಗೆ ಅದು ನೆನಪಾಯ್ತು. ಆದ್ರೂ ಅವಳನ್ನೇ ಬೈದೆ. ನನ್ನ ತಪ್ಪು ಮುಚ್ಚೋಕೆ."

ತನುಜಾಳ ಕಣ್ಣು ತುಂಬಿತು. "ನನ್ನ ಮೇಲೆ ಕೋಪ ಇಲ್ವಾ?"

"ತುಂಬಾ ಇದೆ. ನಂಗಾದ್ರೂ ಹೇಳ್ಬಾರ್ದಿತ್ತಾ? ಕೋಪ ಇದ್ರೂ... ಬಿಟ್ಟಿರೋಕೆ ಆಗ್ತಿಲ್ಲ. ಭಾನುವಾರ ನಿಮ್ಮಪ್ಪನ ಹತ್ರ ಬರ್ಲಾ?"

"ಬೇಡ. ಇವತ್ತೇ ಮನೇಲಿ ನಾನೇ ಹೇಳ್ತೀನಿ. ಇನ್ನೊಂದು ಮಾತು ಹೊಟ್ಟೇಲಿಟ್ಕೊಂಡು ಬದುಕೋಕೆ ನನ್ನ ಕೈಲಾಗಲ್ಲ."

"ಬೈದ್ರೆ?"

"ಬೈಸ್ಕೋತೀನಿ."

ಬಸ್ಸು ಬಂದು ನಿಂತಿತು. ಅವಳ ಹಿಂದೆಯೇ ಅವನೂ ಮೆಟ್ಟಿಲು ಹತ್ತಿದ.

"ನೀವೆಲ್ಲಿಗೆ?"

"ನಡಿ ಮಾರಾಯ್ತಿ... ಒಬ್ಳೇ ಬೈಸ್ಕೋಬೇಡ."