ಮೋಡದಾನೆಗೆ ಮೂರು ಹಗ್ಗ

ಲೆಕ್ಕವಿಲ್ಲದಷ್ಟು ಮಳೆಗಾಲಗಳ ಹಿಂದೆ ಹೊಂಬಿತ್ತೂರು ಎಂಬ ರಾಜ್ಯವಿತ್ತು. ಕಡಲು, ಬೆಟ್ಟ, ಬಯಲು ಎಂದು ಮೂರು ಸೀಮೆ. ಮೂರಕ್ಕೂ ಒಂದೇ ಮಳೆ. ವರ್ಷವರ್ಷವೂ ಭಗವಂತ ಒಂದು ಮೋಡದಾನೆಯನ್ನು ಕಳಿಸುತ್ತಿದ್ದ. ಅದು ಕಡಲಿನಿಂದ ಎದ್ದು, ಬೆಟ್ಟ ಹತ್ತಿ, ಬಯಲಿಗಿಳಿದು, ನಡೆದಲ್ಲೆಲ್ಲ ಸುರಿಯುತ್ತಿತ್ತು.

ಬೂದಿಗಣ್ಣನೆಂಬ ಮಾಂತ್ರಿಕನಿಗೆ ಇದನ್ನು ಕಂಡರಾಗುತ್ತಿರಲಿಲ್ಲ. ಸೀಮೆಗೊಂದು ಮಾಯದ ಹಗ್ಗ ಕೊಟ್ಟು, "ಆನೆಯನ್ನು ಕಟ್ಟಿಕೊಳ್ಳಿ, ಮಳೆಯೆಲ್ಲ ನಿಮ್ಮದೇ" ಎಂದು ಕಿವಿಯೂದಿದ. ಕಡಲಿನವರು ಸೊಂಡಿಲಿಗೆ, ಬೆಟ್ಟದವರು ಕಾಲಿಗೆ, ಬಯಲಿನವರು ಬಾಲಕ್ಕೆ ಹಗ್ಗ ಹಾಕಿ ಎಳೆದರು. ಆನೆ ನಡುಬಾನಿನಲ್ಲೇ ನಿಂತಿತು. ಹನಿ ಬೀಳಲಿಲ್ಲ, ಬಿತ್ತನೆಯ ಹೊತ್ತು ಮೀರುತ್ತಿತ್ತು.

ಬಯಲಿನಲ್ಲಿ ಕಂಬಳಿ ನೇಯುವ ಹುಡುಗಿ ಮಲ್ಲಾಜಿ ದೇವರನ್ನು ನೆನೆದು, ಹಗ್ಗ ಬಿಡಿರೆಂದು ಕೇಳಲು ಕಡಲಿಗೆ ಹೊರಟಳು.

"ನಾವು ಬಿಟ್ಟರೆ ನಿಮ್ಮವರು ಎಳೆದುಕೊಳ್ಳುವುದಿಲ್ಲವೇನೇ, ಕಂಬಳಿಹುಳು?" ಎಂದಳು ಮೀನುಗಾರರ ಅಜ್ಜಿ.

"ಎಳೆದರೆ ನಾನು ಕಲ್ಲಾಗಲಿ, ಅಜ್ಜಿ."

ಕಾಗೆಯಾಗಿ ಕೂತಿದ್ದ ಬೂದಿಗಣ್ಣ "ಹಾಗೇ ಆಗಲಿ!" ಎಂದು ನಕ್ಕ. ಅಜ್ಜಿ ಹಗ್ಗ ಬಿಟ್ಟಳು.

ಬೆಟ್ಟದಲ್ಲಿ ಜೇನು ಕೀಳುವ ಯಜಮಾನನೂ ಅದನ್ನೇ ಕೇಳಿದ. ಮಲ್ಲಾಜಿ ಅದನ್ನೇ ಹೇಳಿದಳು. ಅವನೂ ಬಿಟ್ಟ.

ಇನ್ನುಳಿದದ್ದು ತನ್ನ ಊರು. ಅಲ್ಲಿ ಹಗ್ಗ ಹಿಡಿದವರ ಮುಂದಾಳು ಅವಳಪ್ಪ ಸಣ್ಣೀರ.

"ಶಹಬ್ಬಾಸ್ ಮಗಳೇ! ಅವರೆಲ್ಲ ಬಿಟ್ಟರಂತೆ! ಆನೆ ಪೂರ್ತಿ ನಮ್ಮದು. ಎಳೀರೋ!"

ಎಳೆದರು. ಮಲ್ಲಾಜಿಯ ಪಾದ ಕಲ್ಲಾಯಿತು. ಮೊಣಕಾಲು ಕಲ್ಲಾಯಿತು. ಸೊಂಟದವರೆಗೂ ಕಲ್ಲಾಯಿತು.

"ಅಪ್ಪಾ, ದೇವರು ಕಳಿಸಿದ್ದನ್ನು ಬಾಲ ಹಿಡಿದು ಎಳೆಯುತ್ತಾರೆಯೇ?"

ಸಣ್ಣೀರ ಉಣ್ಣೆಗತ್ತರಿ ತೆಗೆದು ಹಗ್ಗ ಕತ್ತರಿಸಿಬಿಟ್ಟ. ಬಿಡುಗಡೆಯಾದ ಆನೆ ಬೆನ್ನು ತಿರುಗಿಸಿ ಕಡಲಿನತ್ತ ನಡೆಯಿತು!

"ಮಳೆಯೂ ಹೋಯಿತು, ಮಗಳೂ ಹೋದಳು" ಎಂದು ಅಪ್ಪ ಗೋಳಾಡಿದ.

"ಮೊದಲಿನಿಂದ ಶುರುಮಾಡಲು ಹೋಗಿದೆಯಪ್ಪ. ಕಳಿಸಿದವನು ನಮ್ಮನ್ನು ಮರೆಯುತ್ತಾನೆಯೇ? ಕೂರು."

ಮೊದಲ ದಿನ ಗಾಳಿ ತಂಪಾಯಿತು. ಎರಡನೆಯ ದಿನ ಬೆಟ್ಟದ ಹಸಿರೆಲೆ ಹೊತ್ತು ಹೊಳೆ ಬಂತು. ಮೂರನೆಯ ದಿನ ಆನೆಯೇ ಬಂತು, ಘೀಳಿಡುತ್ತ, ಸುರಿಯುತ್ತ! ನೀರು ತಾಗಿದಲ್ಲೆಲ್ಲ ಕಲ್ಲು ಕರಗಿತು. ಮಲ್ಲಾಜಿ ಕೆಸರಿನಲ್ಲಿ ಕುಣಿದಳು. ಸಣ್ಣೀರ ಜಾರಿಬಿದ್ದು, ಬಿದ್ದಲ್ಲೇ ಕೈಮುಗಿದ.

ಆ ಮಳೆಗೆ ಬೂದಿಗಣ್ಣನ ಕಣ್ಣಿನ ಬೂದಿ ತೊಳೆದುಹೋಯಿತು, ಮಂತ್ರಗಳೂ ಮರೆತುಹೋದವು. ಗಡಗಡ ನಡುಗುತ್ತ ಬಂದು, "ತಾಯಿ, ನನಗೂ ಒಂದು ಕಂಬಳಿ" ಎಂದ. ಮಲ್ಲಾಜಿ ನಗುತ್ತ ಹೊದಿಸಿದಳು. ಮರುದಿನ ಅವನೂ ಪೈರು ನೆಡಲು ಬಗ್ಗಿದ.

ಕಡಲಿನ ಉಪ್ಪು, ಬೆಟ್ಟದ ಜೇನು, ಬಯಲಿನ ರಾಗಿ ಒಂದೇ ಪಂಕ್ತಿಯಲ್ಲಿ ಕೂತವು. ಮೂರು ಸೀಮೆಯವರೂ ತಣ್ಣಗೆ ಬಾಳಿದರು. ಕಥೆ ಕೇಳಿದ ನಿಮ್ಮ ಹೊಲದ ಮೇಲೂ ಆ ದಯೆ ಹದವಾಗಿ ಸುರಿಯಲಿ.