ಅಲ್ಮಾಸಾಳ ಪಾತ್ರೆಯಲ್ಲಿ ಉಳಿದ ಊಟ

ಸರಾಯೆವೊದಲ್ಲಿ ಹಸಿದವರು ಹೋಗಬೇಕಾದ ಜಾಗ ಒಂದೇ. ಉಳಿದ ಹೋಟೆಲುಗಳೂ ಇವೆ, ಇಲ್ಲವೆಂದಲ್ಲ. ಕಾಲು ನೋವು ಬಂದರೆ ಕುಳಿತುಕೊಳ್ಳಲು ಚೆನ್ನಾಗಿವೆ. ಊಟಕ್ಕೆ ಮಾತ್ರ ಹಳೆಪೇಟೆಯಲ್ಲಿ ತಾಮ್ರ ಬಡಿಯುವವರ ಬೀದಿ ತಿರುಗುವ ಮೂಲೆಗೇ ಬರಬೇಕು. ಆರು ಮೇಜು, ಎಂಟು ಪಾತ್ರೆ, ಅವುಗಳ ಹಿಂದೆ ಸೌಟು ಹಿಡಿದು ನಿಂತ ಅಲ್ಮಾಸಾ. ಅವಳ ಸಾರು ಕುಡಿದು ಸತ್ತವರು ಎದ್ದು ಕುಳಿತದ್ದನ್ನು ಯಾರೂ ನೋಡಿಲ್ಲ, ಒಪ್ಪೋಣ. ಆದರೆ ಸಾಯಲು ಹೊರಟವರು ಅದನ್ನು ಮುಂದಿನ ವಾರಕ್ಕೆ ಹಾಕಿದ್ದನ್ನು ಇಡೀ ಬೀದಿ ನೋಡಿದೆ.

ಆ ಊಟದ ಮನೆಗೆ ಗಡಿಯಾರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬೆಳಕು ಹರಿಯುವ ಮೊದಲೇ ಒಮ್ಮೆ ಅಡುಗೆ. ಪಾತ್ರೆ ಖಾಲಿಯಾದರೆ ಬಾಗಿಲು ಬಂದ್. ಎರಡನೆಯ ಸಲ ಬೇಯಿಸುವುದಿಲ್ಲ, ನಿನ್ನೆಯದನ್ನು ಬಿಸಿ ಮಾಡುವುದಿಲ್ಲ. ಅಜ್ಜಿಯ ಕಾಲದಿಂದಲೂ ಒಂದು ಗಂಟೆಗೆಲ್ಲ ಪಾತ್ರೆಯ ತಳದಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಊರಿಗೆ ಮುತ್ತಿಗೆ ಬಿದ್ದ ವರ್ಷಗಳಲ್ಲಿ ಅಮ್ಮ ಬರೀ ತುರುಚೆ ಸೊಪ್ಪಿನ ಸಾರು ಮಾಡಿದಾಗಲೂ ಒಂದು ತೊಟ್ಟು ಉಳಿದಿರಲಿಲ್ಲ.

ಅಂಥ ಮನೆಯಲ್ಲಿ, ಏಪ್ರಿಲ್ ತಿಂಗಳ ಒಂದು ಬುಧವಾರ, ಎರಡು ಗಂಟೆ ದಾಟಿದ ಮೇಲೂ, ಖೀಮಾ ತುಂಬಿ ಬೇಯಿಸಿದ ಈರುಳ್ಳಿಗಳು ಹದಿನಾಲ್ಕು ಉಳಿದವು.

ಅಲ್ಮಾಸಾ ಮೂರು ಸಲ ಎಣಿಸಿದಳು. ಜೊತೆಗೆ ಕೆಲಸ ಮಾಡುವ ರಾಬಿಯಾ ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ನಾಲ್ಕನೆಯ ಸಲ ಎಣಿಸಿದಳು.

"ಹದಿನಾಲ್ಕೇ ಕಣೇ," ಎಂದಳು ಚಿಕ್ಕಮ್ಮ, ಮನೆಯಲ್ಲಿ ಯಾರೋ ತೀರಿಕೊಂಡ ದನಿಯಲ್ಲಿ. "ಉಪ್ಪು ಹೆಚ್ಚಾಗಿದೆಯಾ?"

"ನನ್ನ ಕೈಯಲ್ಲಿ ಉಪ್ಪು ಹೆಚ್ಚಾಗೋದಾ ಚಿಕ್ಕಮ್ಮ? ಅದಕ್ಕಿಂತ ಸಮುದ್ರದಲ್ಲಿ ಉಪ್ಪು ಕಡಿಮೆ ಆಯ್ತು ಅನ್ನು, ನಂಬ್ತೀನಿ."

ಆಗಲೇ ಬಾಗಿಲಲ್ಲಿ ಒಂದು ನೀಲಿ ಸಮವಸ್ತ್ರ ಕಾಣಿಸಿತು. ಮೂರನೇ ನಂಬರ್ ಟ್ರಾಮಿನ ಡ್ರೈವರ್ ಇಸ್ಮೆತ್. ನಾಲ್ಕು ವರ್ಷ ದಿನವೂ ಹನ್ನೆರಡೂಕಾಲಿಗೆ ಬಂದು, ಕಿಟಕಿ ಪಕ್ಕದ ಮೇಜಿಗೆ ಕೂತು, ಪಾತ್ರೆಗಳನ್ನು ಒಂದು ಕಣ್ಣಲ್ಲೂ ಅಲ್ಮಾಸಾಳನ್ನು ಇನ್ನೊಂದು ಕಣ್ಣಲ್ಲೂ ನೋಡುತ್ತ ಉಣ್ಣುತ್ತಿದ್ದವನು. ಮೂರು ವಾರದಿಂದ ಅವನ ಸುಳಿವಿರಲಿಲ್ಲ. ಬೇರೆ ಎಲ್ಲೋ ರುಚಿ ಹತ್ತಿರಬೇಕೆಂದು ಅಲ್ಮಾಸಾ ಅಂದುಕೊಂಡಿದ್ದಳು. ತನಗೇನೂ ಅನ್ನಿಸಿಲ್ಲವೆಂದು ದಿನಕ್ಕೆ ಹತ್ತು ಸಲ ತನಗೇ ಹೇಳಿಕೊಂಡಿದ್ದಳು.

"ಊಟ ಇದೆಯಾ, ಅಲ್ಮಾಸಾ ಅವ್ರೇ?"

ಅವಳ ಕೆನ್ನೆ ಕೆಂಪಾಯಿತು. ಮೂರು ವಾರ ಬಿಟ್ಟು ಬರುವವನು ಇದೇ ದಿನ ಬರಬೇಕಾ? ಉಳಿದದ್ದನ್ನು ನೋಡುವುದಕ್ಕಾ?

"ಇದೆ," ಎಂದಳು. "ಇವತ್ತು ಬೇಕಂತಲೇ ಜಾಸ್ತಿ ಮಾಡಿದ್ದೆ."

"ನನಗೋಸ್ಕರಾನಾ?"

"ಪಾರಿವಾಳಕ್ಕೋಸ್ಕರ."

ಇಸ್ಮೆತ್ ಆರು ಈರುಳ್ಳಿ ತಿಂದ. ಕೊನೆಯದರ ರಸವನ್ನು ರೊಟ್ಟಿಯಲ್ಲಿ ಒರೆಸಿ, ಕಣ್ಣು ಮುಚ್ಚಿ, ನಮಾಜಿಗೆ ನಿಂತವನ ಹಾಗೆ ನಿಧಾನವಾಗಿ ಉಸಿರು ಬಿಟ್ಟ. ಕಣ್ಣು ತೆರೆದಾಗ ಅಲ್ಮಾಸಾ ನೋಡುತ್ತಿದ್ದಳು. ತಕ್ಷಣ ಅವಳು ಮುಚ್ಚಳ ಒರೆಸತೊಡಗಿದಳು. ಆ ಮುಚ್ಚಳ ಆಗಲೇ ಎಷ್ಟು ಹೊಳೆಯುತ್ತಿತ್ತೆಂದರೆ ಅದರಲ್ಲಿ ಅವನ ನಗು ಪೂರ್ತಿ ಕಾಣುತ್ತಿತ್ತು.

"ಪಾರಿವಾಳಗಳಿಗೆ ಸ್ವಲ್ಪ ಬಿಟ್ಟಿದ್ದೀನಿ," ಎಂದು ಹೇಳಿ ಹೋದ.

ಮಾರನೆಯ ದಿನವೂ ಉಳಿಯಿತು, ಅದರ ಮಾರನೆಯ ದಿನ ಇನ್ನಷ್ಟು. ಹೊರಗಿನ ಊರವರು ಬರುವುದೇ ನಿಂತಿತ್ತು. ಬೀದಿಯಲ್ಲಿ ಜನ ಇದ್ದರು, ಟ್ರಾಮುಗಳು ತುಂಬಿ ಬಂದು ತುಂಬಿ ಹೋಗುತ್ತಿದ್ದವು, ಆದರೆ ಇಳಿದವರೆಲ್ಲ ಬೇರೆ ದಿಕ್ಕಿಗೆ ತಿರುಗುತ್ತಿದ್ದರು. ಎರಡೂವರೆಗೆ ಇಸ್ಮೆತ್ ಮಾತ್ರ ತಪ್ಪದೆ ಬರುತ್ತಿದ್ದ. ಉಂಡು ತಮಾಷೆ ಮಾಡುತ್ತಿದ್ದ. ಅವನು ನಗಿಸಿದಾಗ ಅಲ್ಮಾಸಾ ನಗುತ್ತಿದ್ದಳು, ಅವನು ಹೋದ ಮೇಲೆ ಉಳಿದ ಪಾತ್ರೆಗಳನ್ನು ನೋಡಿ ಅಳುತ್ತಿದ್ದಳು. ಚಿಕ್ಕಮ್ಮ ಉಳಿದದ್ದನ್ನು ಶಾಲಿನ ಮರೆಯಲ್ಲಿ ಕದ್ದ ಮಾಲಿನಂತೆ ಒಯ್ದು ಗುಡ್ಡದ ಮೇಲಿನ ಕೇರಿಗೆ ಹಂಚಿ ಬರುತ್ತಿದ್ದಳು.

ಎಂಟನೆಯ ದಿನ ಫೋನ್ ಕವರ್ ಮಾರುವವನೊಬ್ಬ ಟೇಪು ಹಿಡಿದು ಬಂದ. ಗೋಡೆಯ ಉದ್ದ ಅಳೆದ. ಒಲೆಯ ಜಾಗದಲ್ಲಿ ಗಾಜಿನ ಬೀರು ಚೆನ್ನಾಗಿ ಕೂರುತ್ತದೆ ಎಂದ. ಬೇರೆ ದಿನವಾಗಿದ್ದರೆ ಅಲ್ಮಾಸಾಳ ಸೌಟು ಅವನ ತಲೆಯ ಅಳತೆ ತೆಗೆಯುತ್ತಿತ್ತು. ಅಂದು ಅವನ ಟೇಪಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.

"ಶುಕ್ರವಾರದವರೆಗೆ ನೋಡ್ತೀನಿ ಚಿಕ್ಕಮ್ಮ," ಎಂದಳು ಅವನು ಹೋದ ಮೇಲೆ. "ಆಮೇಲೂ ಉಳಿದ್ರೆ ಕೀಲಿ ಕೊಟ್ಟುಬಿಡ್ತೀನಿ. ಅಜ್ಜಿ, ಅಮ್ಮ, ಯಾರ ಕಾಲದಲ್ಲೂ ಆಗದ್ದು ನನ್ನ ಕಾಲದಲ್ಲಿ ಆಯ್ತು ಅಂದ್ರೆ, ನನ್ನ ಕೈಗುಣ ಹೋಯ್ತು ಅಂತಲೇ ಅರ್ಥ."

ಮಾರನೆಯ ದಿನ, ಗುರುವಾರ ಬೆಳಿಗ್ಗೆ, ಜೆನಿತ್ಸಾ ಊರಿನ ಒಬ್ಬ ದಪ್ಪ ಹೆಂಗಸು ಏದುಸಿರು ಬಿಡುತ್ತ ಒಳಗೆ ಬಂದಳು. ಬೆಂಡೆಕಾಯಿ ಹಾಕಿದ ಕೋಳಿ ಸಾರನ್ನು ಎರಡು ಬಟ್ಟಲು ಕುಡಿದು, ಮೂರನೆಯದಕ್ಕೆ ಕೈ ಚಾಚಿ ಹೇಳಿದಳು: "ಅಯ್ಯೋ ತಂಗಿ, ಆ ಟ್ರಾಮಿನವನ ಮಾತು ಕೇಳಿದ್ರೆ ಕೆಡ್ತಿದ್ದೆ ನೋಡು! ನಿಮ್ಮಲ್ಲಿಗೆ ಹೋಗಲೇಬೇಡಿ ಅಂದ. ನನ್ನ ಮೂಗು ಕೇಳಬೇಕಲ್ಲ, ಎಳ್ಕೊಂಡು ಬಂತು."

ಅಲ್ಮಾಸಾಳ ಸೌಟು ಗಾಳಿಯಲ್ಲೇ ನಿಂತಿತು. "ಯಾವ ಟ್ರಾಮಿನವನು?"

"ಮೂರನೇ ನಂಬರು. ನೀಲಿ ಕಣ್ಣು, ನಕ್ಕರೆ ಕೆನ್ನೆಯಲ್ಲಿ ಗುಳಿ."

ಚಿಕ್ಕಮ್ಮನ ಕೈಗೆ ಸೌಟು ಬಂತು, ಚಿಕ್ಕಮ್ಮನ ಕೊಡೆ ಮತ್ತು ಕಪ್ಪು ಕನ್ನಡಕ ಅಲ್ಮಾಸಾಳ ಕೈಗೆ ಹೋದವು. ಮಿಲ್ಯಾಟ್ಸ್ಕಾ ಹೊಳೆಯ ಪಕ್ಕದಲ್ಲಿ ನಾಲ್ಕು ನಿಲ್ದಾಣ ಹಿಂದಕ್ಕೆ ನಡೆದಳು. ನಡೆದಳೇನು, ಹೊಳೆಯೇ ಹೆದರಿ ಸ್ವಲ್ಪ ಹೊತ್ತು ಎದುರು ಹರಿಯಿತು. ಇಸ್ಮೆತ್‌ನ ಟ್ರಾಂ ಬಂದಾಗ ಹತ್ತಿ, ಡ್ರೈವರ್ ಕೋಣೆಯ ಗಾಜಿನ ಹಿಂದೆಯೇ ಕೊಡೆ ಊರಿ ನಿಂತಳು.

ತುಜ್ಲಾ ಕಡೆಯ ಗಂಡ ಹೆಂಡತಿ ಟಿಕೆಟ್ ಕೊಳ್ಳುತ್ತ ಕೇಳಿದರು: "ಅಲ್ಲಪ್ಪಾ, ಹಳೆಪೇಟೆಯಲ್ಲಿ ಅಲ್ಮಾಸಾ ಅಂತ ಒಬ್ಬರ ಊಟದ ಮನೆ ಇದೆಯಂತಲ್ಲ, ಎಲ್ಲಿ ಬರುತ್ತೆ?"

"ದಮ್ಮಯ್ಯ, ಅಲ್ಲಿಗೆ ಮಾತ್ರ ಹೋಗ್ಬೇಡಿ," ಎಂದ ಇಸ್ಮೆತ್.

"ಯಾಕೆ, ಊಟ ಚೆನ್ನಾಗಿಲ್ವಾ?"

"ಚೆನ್ನಾಗಿರೋದೇ ಕಷ್ಟ ಸ್ವಾಮಿ! ಮದುವೆಯಾಗಿ ಎಷ್ಟು ವರ್ಷ ಆಯ್ತು?"

"ಇಪ್ಪತ್ತಾರು."

"ಇವರ ಕೈ ಅಡುಗೆ ಹೇಗಿದೆ?"

ಗಂಡ ಹೆಂಡತಿಯ ಮುಖ ನೋಡಿದ. "ಬಹಳ ರುಚಿ," ಎಂದ ಬೇಗನೆ.

"ಹಾಗಾದ್ರೆ ಸಂಸಾರ ಉಳಿಸ್ಕೊಳ್ಳಿ. ಅಲ್ಮಾಸಾ ಅವರ ಸಾರು ಒಂದು ಸಲ ನಾಲಿಗೆಗೆ ತಾಗಿದ್ರೆ, ಆಮೇಲೆ ಮನೆ ಸಾರು ಗಂಟಲಲ್ಲಿ ಇಳಿಯಲ್ಲ. ಇಲ್ಲೊಬ್ಬ ಹಲ್ಲಿನ ಡಾಕ್ಟರು, ಒಳ್ಳೆ ಮನುಷ್ಯ. ಅಲ್ಮಾಸಾ ಅವರ ಈರುಳ್ಳಿ ತಿಂದು ಮನೆಗೆ ಹೋಗಿ, ಹೆಂಡತಿ ಬಡಿಸಿದ ತಟ್ಟೆ ನೋಡಿ ಹೋ ಅಂತ ಅತ್ತುಬಿಟ್ಟ. ಈಗ ಆಯಮ್ಮ ತವರಲ್ಲಿದ್ದಾರೆ. ಅಲ್ಮಾಸಾ ಅವರ ಕೈಯಲ್ಲಿ ಏನಿದೆಯೋ, ದೇವರಿಗೂ ಗೊತ್ತಿಲ್ಲ. ಗೊತ್ತಿದ್ದಿದ್ರೆ ಸ್ವರ್ಗದಲ್ಲಿ ಬೇರೆ ಅಡುಗೆಯವರನ್ನ ಇಡ್ತಿರಲಿಲ್ಲ. ನೀವು ಎಡಕ್ಕೆ ತಿರುಗಿ ಅವ್ದೊ ಹತ್ರ ಚೆವಾಪಿ ತಿನ್ನಿ. ಸುಟ್ಟ ಮಾಂಸ, ರೊಟ್ಟಿ. ತಿಂದು ನೆಮ್ಮದಿಯಾಗಿ ಮರೆತುಬಿಡಬಹುದು."

"ಚೆವಾಪಿಗೇ ಹೋಗೋಣ ನಡೀರಿ," ಎಂದಳು ಹೆಂಡತಿ ಗಂಡನ ತೋಳು ಹಿಡಿದು.

ಅಲ್ಮಾಸಾಳ ಹೊಟ್ಟೆಯಿಂದ ಸಿಟ್ಟು ಏರಿತು, ಎದೆಯಿಂದ ಹೆಮ್ಮೆ ಏರಿತು. ಎರಡೂ ಗಂಟಲಲ್ಲಿ ಎದುರಾಗಿ, ನೀ ಮುಂದೆ ನಾ ಮುಂದೆ ಎಂದು ಜಗಳಕ್ಕೆ ನಿಂತವು. ಅವಳು ಕೊಡೆಯ ಹಿಡಿಯಿಂದ ಗಾಜನ್ನು ಕುಟ್ಟಿದಳು.

"ಆ ಹಲ್ಲಿನ ಡಾಕ್ಟರು ಯಾರು?"

ಟ್ರಾಂ ಗಕ್ಕೆಂದು ನಿಂತಿತು. ಹಿಂದಿನ ಟ್ರಾಂ ಅದರ ಹಿಂದೆ, ಅದರ ಹಿಂದೆ ಮತ್ತೊಂದು. ಅಂದು ಊರಿನ ಆ ತುದಿಯ ಇಲಿಜಾವರೆಗೆ ಟ್ರಾಮುಗಳು ಸಾಲಾಗಿ ನಿಂತು ಗಂಟೆ ಬಾರಿಸಿದವು. ಅಲ್ಲಿನವರು ಯಾರದ್ದೋ ಮದುವೆ ಎಂದುಕೊಂಡರು.

"ಅಲ್ಮಾಸಾ ಅವ್ರೇ..."

"ಒಂಬತ್ತು ದಿನ! ಒಂಬತ್ತು ದಿನದಿಂದ ನನ್ನ ಕೈಗುಣ ಹೋಯ್ತು ಅಂತ ಅಳ್ತಾ ಇದ್ದೀನಿ. ನಾಳೆ ಅಂಗಡಿ ಕೀಲಿ ಕೊಡೋಳಿದ್ದೆ, ಗೊತ್ತಾ?"

ಇಸ್ಮೆತ್‌ನ ಕೆನ್ನೆಯ ಗುಳಿ ಮಾಯವಾಯಿತು. "ಕೀಲಿನಾ? ಯಾರಿಗೆ?"

"ಫೋನಿಗೆ ಅಂಗಿ ಹೊಲಿಯೋನಿಗೆ."

ಅವನು ಕೋಣೆಯಿಂದ ಹೊರಗೆ ಬಂದ. ಟೋಪಿ ತೆಗೆದ. ಆ ಮನುಷ್ಯ ತಮಾಷೆ ಇಲ್ಲದೆ ಮಾತಾಡಿದ್ದನ್ನು ಸರಾಯೆವೊ ಅದೇ ಮೊದಲು ಕೇಳಿದ್ದು.

"ಮಾರ್ಚ್‌ನಲ್ಲಿ ನನ್ನ ಪಾಳಿ ಬದಲಾಯ್ತು. ಎರಡು ಗಂಟೆವರೆಗೆ ಹಾಕಿದ್ರು. ನಾನು ಬರೋ ಹೊತ್ತಿಗೆ ದಿನಾ ಬೀಗ. ಮೂರು ವಾರ ಆ ಬೀಗದ ಹತ್ರ ಯೋಗಕ್ಷೇಮ ಕೇಳಿ ಹೋಗ್ತಿದ್ದೆ. ಆಮೇಲೆ ನಾಲ್ಕು ಜನ ಕಡಿಮೆ ಬಂದ್ರೆ ನಾನು ಬರೋವರೆಗೆ ತೆರೆದಿರ್ತೀರಿ ಅನ್ನಿಸ್ತು. ನಾಲ್ಕು ಜನಕ್ಕೆ ಅಂತ ಶುರು ಮಾಡಿದ್ದು... ಕೈ ಮೀರಿ ಹೋಯ್ತು."

"ಒಂದು ತಟ್ಟೆ ತೆಗೆದಿಡಿ ಅಂತ ಕೇಳಬಹುದಿತ್ತಲ್ಲ?"

"ಕೇಳಿದ್ರೆ ಇಡ್ತಿದ್ರಾ?"

ಅಲ್ಮಾಸಾ ಸುಳ್ಳು ಹೇಳುವವಳಲ್ಲ. "ಇಲ್ಲ. ಮೇಯರಿಗೂ ಇಡಲ್ಲ."

"ಇಟ್ಟಿದ್ರೂ ಏನು ಬಂತು? ಕಟ್ಟಿಸ್ಕೊಂಡು ಹೋಗಿದ್ರೆ ಊಟ ಸಿಗ್ತಿತ್ತು. ನೀವು ಸಿಗ್ತಿದ್ರಾ?"

ಮುಂದಿನ ಸೀಟಿನ ಅಜ್ಜಿಯೊಬ್ಬಳು ಕೊನೆಗೂ ತಡೆಯಲಾರದೆ, "ಏನಾದ್ರೂ ಒಂದು ಹೇಳಿಬಿಡಮ್ಮ, ನನಗೆ ಆಸ್ಪತ್ರೆಗೆ ಹೊತ್ತಾಯ್ತು," ಎಂದಳು.

ಅಲ್ಮಾಸಾ ಕಪ್ಪು ಕನ್ನಡಕ ತೆಗೆಯಲಿಲ್ಲ. ತೆಗೆದಿದ್ದರೆ ಕಣ್ಣು ಎಲ್ಲ ಹೇಳಿಬಿಡುತ್ತಿತ್ತು.

"ನಾಳೆ ನಿಜ ಹೇಳಿ," ಎಂದಳು. "ಹಸಿದೋರು ಎಲ್ಲಿಗೆ ಹೋಗಬೇಕು ಅನ್ನೋದನ್ನ ಕೇಳಿದೋರಿಗೆಲ್ಲ ಹೇಳಿ."

"ಹೇಳಿದ್ರೆ ಎರಡೂವರೆಗೆ ನನಗೆ ಮತ್ತೆ ಬೀಗವೇ."

"ಹೌದು, ಬೀಗವೇ."

ಅವಳು ಇಳಿದು ಹೋದಳು.

ಶುಕ್ರವಾರ ಇಸ್ಮೆತ್ ನಿಜ ಹೇಳಿದ. ಮೈಕಿನಲ್ಲಿ ಹೇಳಿದ, ಕಿಟಕಿಯಿಂದ ತಲೆ ಹಾಕಿ ಹೇಳಿದ, ಎದುರು ಬಂದ ಡ್ರೈವರುಗಳಿಂದಲೂ ಹೇಳಿಸಿದ. ಒಬ್ಬ ಟಿಕೆಟ್ ತಪಾಸಣೆಯವನಂತೂ ಟಿಕೆಟ್ ಇಲ್ಲದವರನ್ನು ಬೈಯುವುದು ಬಿಟ್ಟು, "ಊಟ ಆಯ್ತಾ? ಇಲ್ವಾ? ಅಲ್ಮಾಸಾ ಹತ್ರ ಹೋಗಿ," ಎಂದು ಕಳಿಸಿದ. ಹತ್ತೂವರೆಗೆ ಜನರ ಸಾಲು ಚೌಕದ ಕಾರಂಜಿಯನ್ನು ದಾಟಿತು. ಹನ್ನೊಂದೂ ಮುಕ್ಕಾಲಿಗೆ ಎಂಟೂ ಪಾತ್ರೆ ಖಾಲಿ. ಕೊನೆಯ ಪಾತ್ರೆಯನ್ನು ಒಬ್ಬ ಗಿರಾಕಿ ರೊಟ್ಟಿಯಿಂದ ಎಷ್ಟು ಒರೆಸಿದನೆಂದರೆ ಚಿಕ್ಕಮ್ಮ ಅದನ್ನು ತೊಳೆಯದೆ ಹಾಗೇ ಕಪಾಟಿನಲ್ಲಿಟ್ಟಳು. ಟೇಪು ಹಿಡಿದು ಬಂದವನು ಸಾಲಿನಲ್ಲಿ ನಿಂತು, ಸಾರು ಕುಡಿದು, ಟೇಪು ಜೇಬಿಗಿಟ್ಟುಕೊಂಡು ಹೋದ.

ಎರಡೂವರೆಗೆ ಇಸ್ಮೆತ್ ಬಂದ. ಬಾಗಿಲಿಗೆ ಬೀಗ ಬಿದ್ದಿತ್ತು. ಮೆಟ್ಟಿಲ ಮೇಲೆ, ಏಪ್ರನ್ ಬಿಚ್ಚಿ, ಹಸಿರು ಲಂಗ ತೊಟ್ಟು ಅಲ್ಮಾಸಾ ಕುಳಿತಿದ್ದಳು.

"ಒಂದು ಬೆಂಡೆಕಾಯಿನೂ ಉಳಿದಿಲ್ಲ," ಎಂದಳು. ಮಹಾರಾಣಿ ಗೆದ್ದ ರಾಜ್ಯದ ಸುದ್ದಿ ಹೇಳುವ ಹಾಗೆ ಹೇಳಿದಳು. "ನನ್ನ ಪಾಲಿಂದೂ ಮಾರಿಬಿಟ್ಟೆ. ಬೆಳಗ್ಗಿಂದ ಏನೂ ತಿಂದಿಲ್ಲ."

"ನಾನೂ ತಿಂದಿಲ್ಲ. ನಿಮ್ಮನ್ನ ಇಲ್ಲಿ ನೋಡಿ ಹಸಿವೂ ಮರೆತು ಹೋಯ್ತು."

"ನನಗೆ ಮರೆತಿಲ್ಲ. ಒಂಬತ್ತು ದಿನ ನನ್ನ ಗಿರಾಕಿಗಳನ್ನ ಯಾವ ಮನೆಗೆ ಕಳಿಸಿದ್ರಿ? ನಡೀರಿ, ನೋಡ್ತೀನಿ."

ತಾಮ್ರದವರ ಬೀದಿಯಲ್ಲಿ ಸುತ್ತಿಗೆಗಳು ಒಂದೊಂದಾಗಿ ನಿಂತವು. ಅಲ್ಮಾಸಾ ಇನ್ನೊಬ್ಬರ ಹೋಟೆಲಿಗೆ ಊಟಕ್ಕೆ ಹೊರಟಿದ್ದಳು! ಅದೂ ತಲೆ ಎತ್ತಿ, ಟ್ರಾಮಿನವನ ತೋಳಿಗೆ ತೋಳು ಸೇರಿಸಿ! ಅವ್ದೊ ಅವಳನ್ನು ಬಾಗಿಲಲ್ಲಿ ಕಂಡಾಗ ಕೈಯ ಇಕ್ಕಳ ಕೆಂಡಕ್ಕೆ ಬಿತ್ತು. ಮೂವತ್ತು ವರ್ಷದಲ್ಲಿ ಲೆಕ್ಕ ತಪ್ಪದ ಮನುಷ್ಯ ಅಂದು ಹತ್ತು ಚೆವಾಪಿಗಳನ್ನು ಹನ್ನೆರಡು ಸಲ ಮಗುಚಿದ.

ಅವಳು ಒಂದು ತುಂಡು ಮುರಿದು ಬಾಯಿಗಿಟ್ಟಳು. ಇಡೀ ಅಂಗಡಿ ಅಗಿಯುವುದನ್ನು ನಿಲ್ಲಿಸಿತು.

"ಪರವಾಗಿಲ್ಲ," ಎಂದಳು.

ಅವ್ದೊ ಗೋಡೆಗೆ ಒರಗಿಕೊಂಡ. ಆ ಮಾತನ್ನು ಬರೆಸಿ, ಗಾಜು ಹಾಕಿಸಿ, ಗಲ್ಲಾಪೆಟ್ಟಿಗೆಯ ಮೇಲೆ ತೂಗು ಹಾಕಿದ್ದಾನೆ. ನಂಬದವರು ಹೋಗಿ ನೋಡಬಹುದು.

"ಆಗಾಗ ಬರ್ತಾ ಇರಿ, ಇಬ್ಬರೂ," ಎಂದ ಅವನು, ಹಸಿ ಈರುಳ್ಳಿಯ ತಟ್ಟೆ ಇಡುತ್ತ.

"ನಾನು ಬೇಕಾದ್ರೆ ಬರ್ತೀನಿ ಅವ್ದೊ ಅಣ್ಣ. ಇವನಿಗೆ ಮಾತ್ರ ಇದೇ ಕೊನೆ," ಎಂದಳು ಅಲ್ಮಾಸಾ ಊಟದಿಂದ ಕಣ್ಣೆತ್ತದೆ. "ಅಂಗಡಿ ಪಾತ್ರೆ ಒಂದು ಗಂಟೆಗೆ ಖಾಲಿಯಾಗಲಿ, ಹನ್ನೊಂದಕ್ಕೇ ಆಗಲಿ. ಇನ್ಮೇಲೆ ಇವನಿಗೆ ಮನೆ ಊಟ. ನನ್ನ ಮನೇದು."

'ಇವರು' ಎನ್ನಲಿಲ್ಲ. 'ಇವನು' ಎಂದಳು. ಇಸ್ಮೆತ್‌ನ ಕೈಯಲ್ಲಿದ್ದ ರೊಟ್ಟಿ ಬಾಯಿಯ ದಾರಿ ಮರೆತು ಅರ್ಧದಲ್ಲೇ ನಿಂತಿತು. ಕಣ್ಣು ತುಂಬಿ ಬಂತು.

"ಏನಾಯ್ತೋ?" ಎಂದಳು ಅಲ್ಮಾಸಾ.

"ಈರುಳ್ಳಿ. ಬಹಳ ಖಾರ."

"ಇನ್ನೂ ತಿಂದೇ ಇಲ್ವಲ್ಲ."

"ಪಾಳಿ ಮುಗಿಯೋದು ಎರಡಕ್ಕೆ," ಎಂದ ಅವನು. "ನಿನ್ನ ಮನೆ ಗುಡ್ಡದ ಮೇಲೆ. ಹತ್ತಿ ಬರೋಕೆ ಕಾಲು ಗಂಟೆ ಬೇಕು."

"ಕಾಯ್ತೀನಿ," ಎಂದಳು ಅವಳು, ಮತ್ತು ಅವನ ತಟ್ಟೆಯಿಂದ ಒಂದು ಚೆವಾಪಿ ತೆಗೆದುಕೊಂಡಳು.